ಹೊಳೆ ದಾಟಲು ಬಿಡದ ಅಕ್ಷರ: ‘ಶಿಬೊಲೆತ್’ ಎಂಬ ಪದದ ಹುಟ್ಟು, ಅರ್ಥ

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮಗಳು ಸ್ಕಾಟ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಲೈಬ್ರರಿಯ ಜರ್ನಲ್ ತೆರೆಯಲು ಹೋದರೆ ‘ಶಿಬೊಲೆತ್ ಮೂಲಕ ಲಾಗಿನ್ ಆಗಿ’ ಎಂದು ಬರುತ್ತದೆ, ಅದೇನಪ್ಪ ಎಂದು ಮೊನ್ನೆ ಕೇಳಿದಳು. ಅದೇ ವಾರ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ‘ಹಳೆಯ ಸಮಾಜವಾದಿ ಶಿಬೊಲೆತ್‌ಗಳನ್ನು ಬಿಡಬೇಕು’ ಎಂಬ ಸಾಲು ಸಿಕ್ಕಿತು. ನಿಘಂಟು ನೋಡಿದರೆ ‘ಸಂಕೇತ ಪದ’, ‘ಪಕ್ಷದ ಘೋಷಣೆ’, ‘ಉಚ್ಚಾರಣೆಯ ಪರೀಕ್ಷೆ’ ಎಂದೆಲ್ಲ ಇದೆ. ಒಂದಕ್ಕೊಂದು ಸಂಬಂಧವೇ ಕಾಣುತ್ತಿಲ್ಲ. ಈ ಪದ ಎಲ್ಲಿಂದ ಬಂತು? ಕನ್ನಡದಲ್ಲಿ ಏನೆನ್ನಬೇಕು? ಹೇಗೆ ಉಚ್ಚರಿಸಬೇಕು?

ಉತ್ತರ: ನಿಮ್ಮ ನಿಘಂಟು ತಪ್ಪು ಹೇಳಿಲ್ಲ. ಮೂರು ಅರ್ಥ ಕೊಟ್ಟು, ಅವುಗಳ ನಡುವಿನ ಕಥೆಯನ್ನು ನುಂಗಿಬಿಟ್ಟಿದೆ ಅಷ್ಟೆ. ಈ ಪದವನ್ನು ಅರ್ಥದ ಕಡೆಯಿಂದ ಹಿಡಿಯಲು ಹೋದರೆ ಕೈಗೆ ಸಿಗುವುದೇ ಇಲ್ಲ. ಇದು ಇಂಗ್ಲಿಷಿಗೆ ಬಂದದ್ದು ಅರ್ಥದ ಬಲದಿಂದಲ್ಲ, ತನ್ನ ಮೊದಲ ಅಕ್ಷರದ ಸದ್ದಿನ ಬಲದಿಂದ. ಆ ಸದ್ದು ನಮ್ಮ ‘ಶ’. ‘ಶ’ ಎನ್ನಬೇಕಾದಲ್ಲಿ ‘ಸ’ ಎಂದವರ ತಲೆ ಹೋಯಿತು. ಪದದ ಚರಿತ್ರೆ ಅಲ್ಲಿಂದ ಶುರು.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ‘ನ್ಯಾಯಸ್ಥಾಪಕರು’ ಎಂಬ ಭಾಗವಿದೆ. ಅದರ 12ನೇ ಅಧ್ಯಾಯ ತೆಗೆದು ನೋಡಿ, ಒಂದು ಪುಟವೂ ಇಲ್ಲ. ಇಸ್ರಾಯೇಲರ ಕುಲಗಳು ಇನ್ನೂ ಒಬ್ಬ ರಾಜನ ಕೆಳಗೆ ಬಂದಿರದ ಕಾಲ. ಯೊರ್ದನ್ ಹೊಳೆಯ ಪೂರ್ವಕ್ಕೆ ಗಿಲ್ಯಾದ್ ನಾಡು, ಪಶ್ಚಿಮದ ಬೆಟ್ಟಸೀಮೆ ಎಫ್ರಾಯೀಮ್ ಕುಲದವರದು. ಗಿಲ್ಯಾದಿನ ನಾಯಕ ಯೆಫ್ತಾಹ ನೆರೆಯ ಅಮ್ಮೋನಿಯರನ್ನು ಸೋಲಿಸಿ ಬಂದಿದ್ದ. ‘ಯುದ್ಧಕ್ಕೆ ನಮ್ಮನ್ನು ಕರೆಯಲಿಲ್ಲ ಯಾಕೆ? ನಿನ್ನ ಮನೆಗೆ ಬೆಂಕಿ ಇಡುತ್ತೇವೆ’ ಎಂದು ಎಫ್ರಾಯೀಮರು ಹೊಳೆ ದಾಟಿ ಬಂದರು. ಗಿಲ್ಯಾದಿನವರನ್ನು ‘ನೀವು ಎಫ್ರಾಯೀಮಿನಿಂದ ಓಡಿಹೋದವರು’ ಎಂದು ಹಂಗಿಸಿದರು. ದಾಯಾದಿ ಜಗಳಕ್ಕೆ ಇಷ್ಟು ಸಾಕಲ್ಲ. ಕಾದಾಟವಾಯಿತು, ಎಫ್ರಾಯೀಮರು ಸೋತರು.

ಸೋತವರು ಮನೆ ಸೇರಬೇಕಾದರೆ ಮತ್ತೆ ಅದೇ ಹೊಳೆ ದಾಟಬೇಕು. ಕಾಲ್ನಡಿಗೆಯಲ್ಲಿ ದಾಟಬಹುದಾದ ಹಾಯಗಡಗಳು ಕೆಲವೇ. ಗಿಲ್ಯಾದಿನವರು ಮೊದಲೇ ಹೋಗಿ ಅಲ್ಲಿ ಕೂತರು. ಬಂದವನೊಬ್ಬ ‘ದಾಟಲು ಬಿಡಿ’ ಎನ್ನುತ್ತಾನೆ. ‘ನೀನು ಎಫ್ರಾಯೀಮನೋ?’ ‘ಅಲ್ಲ.’ ‘ಹಾಗಾದರೆ “ಶಿಬ್ಬೋಲೆತ್” ಎಂದು ಹೇಳು ನೋಡೋಣ.’ ಅವನು ‘ಸಿಬ್ಬೋಲೆತ್’ ಎನ್ನುತ್ತಾನೆ. ಹಿಡಿದು ಅಲ್ಲೇ ಕೊಲ್ಲುತ್ತಾರೆ. ಹೀಗೆ 42,000 ಮಂದಿ ಸತ್ತರೆಂದು ಗ್ರಂಥ ಹೇಳುತ್ತದೆ. ಲೆಕ್ಕವನ್ನು ಹಾಗೇ ನಂಬಬೇಕಾಗಿಲ್ಲ. ಅದೇ ಬೈಬಲಿನ ‘ಅರಣ್ಯಕಾಂಡ’ದ 26ನೇ ಅಧ್ಯಾಯದ ಜನಗಣತಿಯಲ್ಲಿ ಎಫ್ರಾಯೀಮ್ ಕುಲದ ಇಪ್ಪತ್ತು ತುಂಬಿದ ಗಂಡಸರೆಲ್ಲ ಸೇರಿ 32,500. ಕಥೆಗಾರನಿಗೆ ಒಂದು ಸಣ್ಣ ಸೇಡೂ ಇತ್ತೆಂದು ಕಾಣುತ್ತದೆ: ‘ಎಫ್ರಾಯೀಮಿನಿಂದ ಓಡಿಹೋದವರು’ ಎಂಬ ಅದೇ ಬೈಗುಳದ ಮಾತನ್ನೇ ಹಾಯಗಡಕ್ಕೆ ಓಡಿಬಂದ ಎಫ್ರಾಯೀಮರಿಗೆ ತಿರುಗಿಸಿ ಬಳಸುತ್ತಾನೆ.

ಇನ್ನು ಆ ಪದಕ್ಕೆ ಹೀಬ್ರೂ ಭಾಷೆಯಲ್ಲಿ ಏನರ್ಥ? ಎರಡು ಅರ್ಥ ಇವೆ. ಒಂದು, ತೆನೆ. ಬೈಬಲಿನಲ್ಲಿ ಈಜಿಪ್ಟಿನ ಅರಸ ಫರೋಹನ ಕನಸಿನಲ್ಲಿ ಏಳು ಪುಷ್ಟವಾದ ತೆನೆಗಳನ್ನು ಏಳು ಬತ್ತಿದ ತೆನೆಗಳು ನುಂಗುತ್ತವಲ್ಲ, ಅಲ್ಲಿರುವುದು ಇದೇ ಪದದ ಬಹುವಚನ. ಅರಬ್ಬಿಯಲ್ಲಿ ತೆನೆಗೆ ‘ಸುಂಬುಲಾ’ ಎನ್ನುವುದೂ ಇದೇ ಬೇರಿನಿಂದ. ಇನ್ನೊಂದು ಅರ್ಥ, ಹೊಳೆಯ ಸೆಳವು. ‘ಪ್ರವಾಹ ನನ್ನನ್ನು ಮುಳುಗಿಸುತ್ತಿದೆ’ ಎನ್ನುವ ಬೈಬಲಿನ 69ನೇ ಕೀರ್ತನೆಯಲ್ಲಿ ಈ ಅರ್ಥ ಬರುತ್ತದೆ. ನೀರಿನ ಅಂಚಿನಲ್ಲಿ ನಿಂತು ಕೇಳಿದ ಪದವಾದ್ದರಿಂದ ಅಲ್ಲಿ ಎರಡನೆಯದೇ ಹೊಂದುತ್ತದೆ ಎನ್ನುವವರು ಬಹಳ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಕಾವಲುಗಾರನಿಗೆ ತೆನೆಯೂ ಬೇಕಿರಲಿಲ್ಲ, ಸೆಳವೂ ಬೇಕಿರಲಿಲ್ಲ. ಅವನು ಕೇಳಿಸಿಕೊಂಡದ್ದು ಒಂದೇ ಒಂದು ಸದ್ದನ್ನು.

ಬರೆಯುವವನಿಗೂ ಇಲ್ಲೊಂದು ಪೇಚು ಇತ್ತು. ಆಗಿನ ಹೀಬ್ರೂ ಬರಹದಲ್ಲಿ ‘ಶ’ಕಾರದ ಅಕ್ಷರ ಎರಡು ಸದ್ದುಗಳಿಗೆ ದುಡಿಯುತ್ತಿತ್ತು. ಅದೇ ಅಕ್ಷರವನ್ನು ಎರಡು ಕಡೆ ಬರೆದರೆ ಕಥೆಯೇ ಇಲ್ಲ. ಹಾಗಾಗಿ ಎಫ್ರಾಯೀಮನ ಬಾಯಿಗೆ ಬೇರೆಯೇ ‘ಸ’, ಅಂದರೆ ‘ಸಾಮೆಖ್’ ಎಂಬ ಅಕ್ಷರವನ್ನು ಹಾಕಿದ. ಒಂದೇ ಅಕ್ಷರದ ಎರಡು ಸದ್ದುಗಳನ್ನು ಬೇರೆ ಮಾಡಿ ತೋರಿಸುವ ಚುಕ್ಕಿಗಳು ಹೀಬ್ರೂ ಬರಹಕ್ಕೆ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಗ್ರೀಕಿಗೆ ಅನುವಾದಿಸಿದವರ ಪಾಡು ಇನ್ನೂ ಕಷ್ಟ. ಗ್ರೀಕಿನಲ್ಲಿ ‘ಶ’ ಎಂಬ ಸದ್ದೇ ಇಲ್ಲ. ಒಂದು ಹಳೆಯ ಪ್ರತಿಯಲ್ಲಿ ‘ತೆನೆ ಎಂದು ಹೇಳು’ ಎಂದಿದೆ, ಇನ್ನೊಂದರಲ್ಲಿ ‘ಗುಟ್ಟಿನ ಪದ ಹೇಳು’ ಎಂದಿದೆ. ಅನುವಾದಕರೇ ಹೊಳೆಯ ಆಚೆ ದಡದಲ್ಲಿ ಉಳಿದುಬಿಟ್ಟರು. ಕನ್ನಡ ಬೈಬಲಿಗೆ ಈ ಕಷ್ಟ ಬರಲಿಲ್ಲ. ನಮ್ಮ ಹತ್ತಿರ ಎರಡೂ ಅಕ್ಷರ ಇವೆ, ಎರಡನ್ನೂ ಇಟ್ಟು ಮುಗಿಸಿದರು.

ನಿಜವಾಗಿ ಆ ಇಬ್ಬರ ನಾಲಿಗೆಯಲ್ಲಿ ಇದ್ದ ವ್ಯತ್ಯಾಸ ಏನು ಎಂಬುದರ ಮೇಲೆ ಭಾಷಾವಿಜ್ಞಾನಿಗಳು ಪುಟಗಟ್ಟಲೆ ಬರೆದಿದ್ದಾರೆ. ಗಿಲ್ಯಾದಿನವರು ಹೇಳುತ್ತಿದ್ದುದು ನಮ್ಮ ‘ಶ’ ಅಲ್ಲ, ಇಂಗ್ಲಿಷಿನ ‘ಥಿಂಕ್’ ಪದದ ಮೊದಲ ಸದ್ದಿನಂಥದ್ದು ಎಂದು 1942ರಲ್ಲಿ ಎಫ್ರಾಯೀಮ್ ಸ್ಪೈಸರ್ ವಾದಿಸಿದರು. (ವಿದ್ವಾಂಸರ ಹೆಸರೇ ಎಫ್ರಾಯೀಮ್! ಇದನ್ನು ನಾನು ತಮಾಷೆಗೆ ಕಟ್ಟಿದ್ದಲ್ಲ.) ಇನ್ನು ಕೆಲವರು ಒಂದು ಮುದ್ರೆಯ ಗುರುತನ್ನು ಮುಂದಿಡುತ್ತಾರೆ. ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಅಮ್ಮೋನಿಯರ ಅರಸ ‘ಬಾಲೀಸ್’ ಎಂಬವನ ಹೆಸರು ‘ಸ’ ಅಕ್ಷರದಲ್ಲಿ ಬರುತ್ತದೆ. 1984ರಲ್ಲಿ ಜೋರ್ಡನ್ ದೇಶದ ತೆಲ್ ಅಲ್-ಉಮೈರಿ ಎಂಬಲ್ಲಿ ಅಗೆಯುವಾಗ ಆ ಅರಸನ ಸೇವಕನೊಬ್ಬನ ಮುದ್ರೆಯೊತ್ತಿದ ಮಣ್ಣಿನ ಗುಳಿಗೆ ಸಿಕ್ಕಿತು. ಅದರಲ್ಲಿ ಅರಸನ ಹೆಸರು ‘ಶ’ ಅಕ್ಷರದಲ್ಲಿದೆ. ಅಂದರೆ ಹೊಳೆಯ ಪೂರ್ವದವರು ತಮ್ಮ ‘ಶ’ ಅಕ್ಷರದಲ್ಲಿ ಬರೆದ ಸದ್ದು ಪಶ್ಚಿಮದವರ ಕಿವಿಗೆ ‘ಸ’ ಎಂದೇ ಕೇಳಿಸಿದೆ! ಎಫ್ರಾಯೀಮನು ಬೇಕೆಂದು ತಪ್ಪು ಹೇಳಲಿಲ್ಲ, ಕೇಳಿಸಿದ್ದನ್ನೇ ತನಗೆ ಬಂದಂತೆ ಹೇಳಿದ ಎಂದಾಗುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದೇ.

‘ಪ್ರಾಣ ಹೋಗುತ್ತಿದ್ದರೂ ಒಂದು ಅಕ್ಷರ ತಿದ್ದಿಕೊಳ್ಳಲು ಆಗಲಿಲ್ಲವೇ?’ ಎಂದು ಪಾಠ ಮಾಡುವಾಗಲೆಲ್ಲ ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅದಕ್ಕೆ ಬಳಸಿದ್ದು ಹಿಂದಿಯ ‘ತ’ ಮತ್ತು ‘ಟ’. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಈ ಎರಡನ್ನೂ ಸಲೀಸಾಗಿ ಬೇರೆ ಮಾಡಿ ಕೇಳುತ್ತಿದ್ದವು. ಹತ್ತು ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಆ ಶಕ್ತಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಮನೆಯಲ್ಲಿ ಕೇಳದ ಭೇದವನ್ನು ಕಿವಿ ಒಂದು ವರ್ಷ ತುಂಬುವ ಮೊದಲೇ ಬಿಟ್ಟುಕೊಡುತ್ತದೆ. ಕಿವಿ ಬಿಟ್ಟದ್ದನ್ನು ನಾಲಿಗೆ ಹಿಡಿಯುವುದು ಹೇಗೆ? ದೊಡ್ಡವರಾದ ಮೇಲೆ ಕಲಿಯಲು ಬಾರದ್ದೇನಲ್ಲ. ಆದರೆ ತಿಂಗಳುಗಟ್ಟಲೆ ಬೇಕು, ಕತ್ತಿಯ ಮುಂದೆ ನಿಂತು ಅರೆಕ್ಷಣದಲ್ಲಿ ಬರುವುದಲ್ಲ.

ಪಾಸ್‌ವರ್ಡಿಗೂ ಶಿಬೊಲೆತ್‌ಗೂ ಇರುವ ಅಂತರ ಇದು. ನಿಘಂಟಿನ ‘ಸಂಕೇತ ಪದ’ ಎಂಬ ಅರ್ಥ ನಿಮ್ಮನ್ನು ದಾರಿ ತಪ್ಪಿಸಿದ್ದೂ ಇಲ್ಲೇ. ಪಾಸ್‌ವರ್ಡ್ ಎಂದರೆ ಗುಟ್ಟು. ಕದ್ದು ಕೇಳಿಸಿಕೊಂಡರೆ ಯಾರು ಬೇಕಾದರೂ ಒಳಗೆ ಬರಬಹುದು. ಶಿಬೊಲೆತ್‌ನಲ್ಲಿ ಗುಟ್ಟೇ ಇಲ್ಲ. ಪದವನ್ನು ಕಾವಲುಗಾರನೇ ಹೇಳಿಕೊಡುತ್ತಾನೆ. ಗೊತ್ತಿದ್ದೂ ಹೇಳಲಾಗದಿರುವುದೇ ಪರೀಕ್ಷೆ.

ಇದೇ ಪರೀಕ್ಷೆ ಬೇರೆ ಊರುಗಳಲ್ಲಿ ಬೇರೆ ಪದಗಳಿಂದ ನಡೆದಿದೆ, ಎಲ್ಲಕ್ಕೂ ಹೆಸರು ಮಾತ್ರ ಈಗ ಶಿಬೊಲೆತ್. 1282ರ ಈಸ್ಟರ್ ಸಮಯದಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ಫ್ರೆಂಚ್ ಆಳ್ವಿಕೆಯ ಮೇಲೆ ದಂಗೆ ಎದ್ದಾಗ ಸಿಕ್ಕವರಿಗೆ ‘ಚೀಚಿರಿ’ ಎನ್ನಲು ಹೇಳುತ್ತಿದ್ದರಂತೆ. ಕಡಲೆಕಾಳಿಗೆ ಅಲ್ಲಿ ಹಾಗೆನ್ನುತ್ತಾರೆ. 1302ರ ಮೇ 18ರ ಬೆಳಗಿನ ಜಾವ ಬ್ರೂಜ್ ನಗರದಲ್ಲಿ ‘ಸ್ಖಿಲ್ಡ್ ಎನ್ ಫ್ರೀಂಡ್’, ಅಂದರೆ ಗುರಾಣಿ ಮತ್ತು ಗೆಳೆಯ. ಅಲ್ಲಿಯೂ ಸಿಕ್ಕಿಬಿದ್ದವರು ಫ್ರೆಂಚರೇ. 1381ರಲ್ಲಿ ಲಂಡನ್ನಿನ ರೈತ ದಂಗೆಯಲ್ಲಿ ಫ್ಲೆಮಿಶ್ ವಲಸಿಗರನ್ನು ಹಿಡಿದದ್ದು ‘ಬ್ರೆಡ್ ಅಂಡ್ ಚೀಸ್’ ಹೇಳಿಸಿ. ಗಮನಿಸಿದಿರಾ, ಬಹುಪಾಲು ಇವೆಲ್ಲ ಅಡುಗೆಮನೆಯ ಪದಗಳು. ಮಗು ಮೊದಲು ಕಲಿಯುವ ಪದಗಳಲ್ಲೇ ನಾಲಿಗೆ ತನ್ನ ತವರನ್ನು ಬಿಟ್ಟುಕೊಡುವುದು. 1940ರಲ್ಲಿ ಹಾಲೆಂಡಿನ ಮೇಲೆ ಜರ್ಮನಿ ದಾಳಿ ಮಾಡಿದಾಗ ವೇಷ ಮರೆಸಿದ ಜರ್ಮನರನ್ನು ಹಿಡಿಯಲು ಡಚ್ಚರಿಗೆ ಒದಗಿದ್ದು ಸ್ಖೆವೆನಿಂಗನ್ ಎಂಬ ಕಡಲತೀರದ ಊರಿನ ಹೆಸರು. ಜರ್ಮನರು ಅದನ್ನು ‘ಶೆವೆನಿಂಗನ್’ ಎನ್ನುತ್ತಿದ್ದರು. ಯೊರ್ದನ್ ದಡದಲ್ಲಿ ಜೀವ ಉಳಿಸಿದ ‘ಶ’ ಇಲ್ಲಿ ಹಿಡಿದುಕೊಟ್ಟಿತು. 1944ರ ಜೂನಿನಲ್ಲಿ ನಾರ್ಮಂಡಿಯಲ್ಲಿ ಇಳಿದ ಅಮೆರಿಕನ್ ಸೈನಿಕರು ಕತ್ತಲಲ್ಲಿ ‘ಫ್ಲ್ಯಾಶ್’ ಎಂದರೆ ಎದುರಿನವನು ‘ಥಂಡರ್’ ಎನ್ನಬೇಕಿತ್ತು, ಅದಕ್ಕೆ ಮರುಮಾತು ‘ವೆಲ್ಕಮ್’. ‘ಥಂಡರ್’, ‘ವೆಲ್ಕಮ್’ ಪದಗಳ ಮೊದಲ ಸದ್ದುಗಳು ಜರ್ಮನ್ ನಾಲಿಗೆಗೆ ಕಷ್ಟ. ನಮ್ಮ ನಾಲಿಗೆಗೂ ಕಷ್ಟವೇ. ನಾನಂತೂ ಆ ರಾತ್ರಿ ನನ್ನದೇ ಪಕ್ಷದವರ ಗುಂಡಿಗೆ ಬೀಳುತ್ತಿದ್ದೆ.

ತಮಾಷೆ ಇಲ್ಲಿಗೆ ನಿಲ್ಲಬೇಕು. 1937ರ ಅಕ್ಟೋಬರಿನಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊ ಗಡಿಭಾಗದಲ್ಲಿದ್ದ ಹೈಟಿ ಮೂಲದವರನ್ನು ಕೊಲ್ಲಲು ಅಪ್ಪಣೆ ಕೊಟ್ಟ. ಸಾವಿರಾರು ಮಂದಿ ಸತ್ತರು. ಸೈನಿಕರು ಪಾರ್ಸ್ಲಿ ಸೊಪ್ಪಿನ ಕಟ್ಟು ತೋರಿಸಿ ‘ಇದೇನು?’ ಎಂದು ಕೇಳುತ್ತಿದ್ದರು, ಸ್ಪ್ಯಾನಿಷಿನಲ್ಲಿ ‘ಪೆರೆಹಿಲ್’ ಎಂದು ಸರಿಯಾಗಿ ಹೇಳಲಾರದವರನ್ನು ಕೊಂದರು ಎನ್ನುವುದು ಈ ಹತ್ಯೆಗೆ ಅಂಟಿಕೊಂಡ ಕಥೆ. ಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಎರಡೂ ಭಾಷೆ ಬರುತ್ತಿತ್ತು, ಹಾಗಾಗಿ ಈ ಪರೀಕ್ಷೆಯೇ ಎಲ್ಲವನ್ನೂ ತೀರ್ಮಾನಿಸಿತು ಎನ್ನುವಂತಿಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ಅಲ್ಲಿಯೂ ಗಡಿಗೆ ಒಂದು ಹೊಳೆಯಿದೆ. 1983ರ ಜುಲೈನಲ್ಲಿ ಶ್ರೀಲಂಕಾದ ಗಲಭೆಯಲ್ಲಿ ಬಸ್ಸು ತಡೆದು, ಪ್ರಯಾಣಿಕರಿಗೆ ಬಕೆಟ್ ತೋರಿಸಿ ಹೆಸರು ಹೇಳಿಸಿದ್ದನ್ನು ಬದುಕುಳಿದವರು ಹೇಳಿದ್ದಾರೆ. ಸಿಂಹಳದಲ್ಲಿ ಅದು ‘ಬಾಲ್ದಿಯ’. ತಮಿಳರ ಬಾಯಲ್ಲಿ ಮೊದಲ ‘ಬ’ ‘ವ’ ಆಗುತ್ತಿತ್ತು. ಪೋರ್ಚುಗೀಸರು ಬಿಟ್ಟುಹೋದ ಪದ ಅದು. ನಮ್ಮ ಮಂಗಳೂರು ಕಡೆ ತುಳು, ಕೊಂಕಣಿ ಮಾತಾಡುವವರ ಮನೆಯ ಬಚ್ಚಲಲ್ಲಿ ಇವತ್ತೂ ಇರುವ ‘ಬಾಲ್ದಿ’ ಇದೇ. ಎಷ್ಟೋ ವರ್ಷ ಆ ಪದವನ್ನು ಬಳಸಿದ ನನಗೆ ಈ ಸಂಗತಿ ಓದಿದ ದಿನ ನೀರು ಹಿಡಿಯಲು ಕೈ ಬರಲಿಲ್ಲ.

ಈಗ ನಿಮ್ಮ ಸಂಪಾದಕೀಯಕ್ಕೆ ಬರೋಣ. ಬೈಬಲನ್ನು ಇಂಗ್ಲಿಷಿನಲ್ಲಿ ಜನ ಮನೆಯಲ್ಲಿ ಓದತೊಡಗಿದ ಮೇಲೆ ಈ ಕಥೆ ಎಲ್ಲರಿಗೂ ಗೊತ್ತಾಯಿತು. 1611ರ ಜೇಮ್ಸ್ ದೊರೆಯ ಅನುವಾದದಲ್ಲಿ ಪದವನ್ನು ಹಾಗೇ ಉಳಿಸಿಕೊಂಡರು. ಹದಿನೇಳನೆಯ ಶತಮಾನದ ಇಂಗ್ಲೆಂಡ್ ಎಂದರೆ ಪಂಥಗಳ ಜಗಳದ ಕಾಲ. ನೀನು ಯಾವ ಪಂಥದವನು ಎಂದು ತಿಳಿಯಲು ಬಟ್ಟೆ ನೋಡಬೇಕಿರಲಿಲ್ಲ. ಯಾವ ಪ್ರಾರ್ಥನೆಯ ಮಾತು ಬಳಸುತ್ತಿ, ಯಾವುದನ್ನು ಬಿಡುತ್ತಿ ಎಂದು ನೋಡಿದರೆ ಸಾಕಿತ್ತು. ಅಂಥ ಮಾತುಗಳಿಗೆಲ್ಲ ಶಿಬೊಲೆತ್ ಎಂಬ ಹೆಸರು ಬಿತ್ತು. ಮಿಲ್ಟನ್ ಕವಿ 1671ರಲ್ಲಿ ಪ್ರಕಟಿಸಿದ, ಬೈಬಲಿನ ವೀರ ಸಂಸೋನನ ಕುರಿತ ನಾಟಕಕಾವ್ಯದಲ್ಲಿ ಶಿಬೊಲೆತ್ ಸರಿಯಾಗಿ ಉಚ್ಚರಿಸದೆ ಸತ್ತವರನ್ನು ನೆನೆಯುತ್ತಾನೆ. ಓದುಗರಿಗೆ ಬಿಡಿಸಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ, ಅಷ್ಟು ಬಳಕೆಗೆ ಬಂದಿತ್ತು.

ಅಲ್ಲಿಂದ ಅರ್ಥ ಜಾರುತ್ತಾ ಬಂದ ದಾರಿ ನೇರವಾಗಿಯೇ ಇದೆ. ಮೊದಲು ಉಚ್ಚಾರಣೆಯ ಪರೀಕ್ಷೆ. ಆಮೇಲೆ, ‘ಇವನು ನಮ್ಮವನು’ ಎಂದು ತೋರಿಸುವ ಯಾವುದೇ ಮಾತು, ನಡೆ, ರೂಢಿ. ಚಮಚ ಹಿಡಿಯುವ ರೀತಿಯೂ ಶಿಬೊಲೆತ್ ಆಗಬಹುದು. ಮುಂದಿನ ಮೆಟ್ಟಿಲು, ಗುಂಪಿನವರು ತಾವು ಗುಂಪಿನವರೇ ಎಂದು ಸಾಬೀತು ಮಾಡಲು ಮತ್ತೆ ಮತ್ತೆ ಹೇಳುವ ಘೋಷಣೆ. ಹೇಳುವುದೇ ಮುಖ್ಯವಾದಾಗ ಅರ್ಥದ ಕಡೆ ಯಾರು ನೋಡುತ್ತಾರೆ? ಹಾಗಾಗಿ ಕೊನೆಯ ಮೆಟ್ಟಿಲು: ಒಂದು ಕಾಲಕ್ಕೆ ತಿರುಳಿದ್ದು ಈಗ ಬರೀ ಬಾಯಿಪಾಠವಾಗಿ ಉಳಿದ ನಂಬಿಕೆ. ನಿಮ್ಮ ಸಂಪಾದಕರು ಬಳಸಿದ್ದು ಈ ಅರ್ಥದಲ್ಲಿ. ‘ಹಳೆಯ ಸಮಾಜವಾದಿ ಶಿಬೊಲೆತ್‌ಗಳು’ ಎಂದರೆ, ಯಾರೂ ಈಗ ನಿಜವಾಗಿ ನಂಬದಿದ್ದರೂ ಪಕ್ಷದಲ್ಲಿ ಉಳಿಯಲು ಹೇಳುತ್ತಲೇ ಇರಬೇಕಾದ ಮಾತುಗಳು. ಹೊಳೆಯ ಬಳಿ ‘ತೆನೆ’ ಎಂಬ ಅರ್ಥ ಹೇಗೆ ಯಾರಿಗೂ ಬೇಕಿರಲಿಲ್ಲವೋ ಇಲ್ಲಿಯೂ ಹಾಗೇ.

ಮಗಳ ಲಾಗಿನ್ ಪುಟದ ಶಿಬೊಲೆತ್ ಒಂದು ಸಾಫ್ಟ್‌ವೇರ್. ಅಮೆರಿಕದ ವಿಶ್ವವಿದ್ಯಾಲಯಗಳ ಇಂಟರ್‌ನೆಟ್-2 ಎಂಬ ಕೂಟದಲ್ಲಿ 2000ರಲ್ಲಿ ಶುರುವಾಗಿ 2003ರಲ್ಲಿ ಮೊದಲ ಆವೃತ್ತಿ ಬಂತು. ನಮ್ಮ ದೇಶದಲ್ಲೂ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಕಾಲೇಜು ಲೈಬ್ರರಿಗಳಿಗಾಗಿ ಇದನ್ನು ಬಳಸಿದೆ. ಕೆಲಸ ಹೀಗೆ: ಜರ್ನಲ್ ಪ್ರಕಟಿಸುವ ಕಂಪನಿಗೆ ನಿಮ್ಮ ಮಗಳ ಪಾಸ್‌ವರ್ಡ್ ಬೇಡ. ಅದು ಆಕೆಯನ್ನು ಅವಳದೇ ವಿಶ್ವವಿದ್ಯಾಲಯದ ಬಾಗಿಲಿಗೆ ಕಳಿಸುತ್ತದೆ. ಅಲ್ಲಿ ಆಕೆ ಪಾಸ್‌ವರ್ಡ್ ಕೊಟ್ಟ ಮೇಲೆ ವಿಶ್ವವಿದ್ಯಾಲಯವು ಕಂಪನಿಗೆ ‘ಹೌದು, ಈಕೆ ನಮ್ಮ ವಿದ್ಯಾರ್ಥಿನಿ’ ಎಂದು ಚೀಟಿ ಕಳಿಸುತ್ತದೆ. ಬೇಕಿಲ್ಲದಿದ್ದರೆ ಹೆಸರನ್ನೂ ಹೇಳುವುದಿಲ್ಲ. ಹೆಸರಿಟ್ಟವರು ಕಥೆಯನ್ನು ಚೆನ್ನಾಗಿ ಓದಿಕೊಂಡಿದ್ದರು ಎಂದೇ ನನ್ನ ಎಣಿಕೆ. ಹಾಯಗಡದಲ್ಲಿ ಕೇಳಿದ್ದೂ ‘ನೀನು ಯಾರು?’ ಎಂದಲ್ಲ, ‘ಯಾವ ಕುಲ?’ ಎಂದು. ಇನ್ನೊಂದು ಚೆಂದದ ಸಂಗತಿ: ಮೊದಲ ದಿನಗಳಲ್ಲಿ ನಿಮ್ಮ ವಿಶ್ವವಿದ್ಯಾಲಯವನ್ನು ಪಟ್ಟಿಯಿಂದ ಆರಿಸುವ ಪುಟಕ್ಕೆ ಆ ತಂತ್ರಜ್ಞರು ಇಟ್ಟಿದ್ದ ಹೆಸರೇ ‘ವೇರ್ ಆರ್ ಯು ಫ್ರಮ್’. ರೈಲಿನಲ್ಲಿ ಎದುರು ಸೀಟಿನವರು ಕೇಳುವ ‘ಯಾವೂರ್ರೀ ನಿಮ್ದು?’ ಅಷ್ಟೆ.

ಆದರೆ ಎಲ್ಲ ಯಂತ್ರಗಳೂ ಹೀಗೆ ಸಾಧುವಲ್ಲ. ಯುರೋಪಿನಲ್ಲಿ 1990ರ ದಶಕದಿಂದ ಆಶ್ರಯ ಕೇಳಿ ಬಂದವರ ಮಾತು ಧ್ವನಿಮುದ್ರಿಸಿ, ಅವರು ಹೇಳಿದ ದೇಶದವರೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಪದ್ಧತಿ ಇದೆ. ಇದರಲ್ಲಿ ತಪ್ಪುಗಳಾಗುತ್ತಿವೆ ಎಂದು ಭಾಷಾವಿಜ್ಞಾನಿಗಳ ಒಂದು ತಂಡ 2004ರಲ್ಲಿ ಸೇರಿ ಎಚ್ಚರಿಕೆಯ ಸೂತ್ರಗಳನ್ನು ಬರೆದುಕೊಟ್ಟಿತು. ಜರ್ಮನಿ 2017ರಲ್ಲಿ ಈ ಕೆಲಸಕ್ಕೆ ಸಾಫ್ಟ್‌ವೇರನ್ನೇ ಕೂರಿಸಿತು. ಗಡಿ ದಾಟಿ ಬಂದವನ ಮಾತು ಬೇರೆ ಊರಿನಲ್ಲಿ ನಾಲ್ಕು ವರ್ಷ ಇದ್ದರೆ ಬದಲಾಗುತ್ತದೆ, ಎದುರಿಗಿರುವವರನ್ನು ನೋಡಿಯೂ ಬದಲಾಗುತ್ತದೆ. ಇದನ್ನು ನಿಮ್ಮ ಮಗಳ ಫೋನ್ ಮಾತಿನಲ್ಲೇ ನೀವು ಗಮನಿಸಿರಬಹುದು. 2007ರಲ್ಲಿ ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೇಡೊ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಗ್ಯಾಲರಿಯ ದೊಡ್ಡ ಹಜಾರದ ಕಾಂಕ್ರೀಟ್ ನೆಲದಲ್ಲಿ 167 ಮೀಟರ್ ಉದ್ದದ ಬಿರುಕು ಮಾಡಿಸಿ ಅದಕ್ಕೆ ‘ಶಿಬೊಲೆತ್’ ಎಂದು ಹೆಸರಿಟ್ಟರು. ಯುರೋಪಿಗೆ ವಲಸೆ ಬಂದವರು ದಾಟಲಾಗದ ಕಂದಕದ ಕುರಿತ ಕೃತಿ ಅದು. ಪ್ರದರ್ಶನ ಮುಗಿದ ಮೇಲೆ ಸಿಮೆಂಟು ತುಂಬಿದರು. ಗಾಯದ ಗುರುತು ನೆಲದ ಮೇಲೆ ಉಳಿದಿದೆ.

ಕನ್ನಡದವರಾದ ನಮಗೆ ಈ ಕಥೆ ಬೇರೆ ಯಾವ ಭಾರತೀಯ ಓದುಗನಿಗಿಂತ ಹೆಚ್ಚು ಚುಚ್ಚಬೇಕು ಎಂದು ನನಗೆ ಅನ್ನಿಸುತ್ತದೆ. ನಾನು ಓದಿದ್ದು ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ, ನಮಗೆಲ್ಲ ಅದು ‘ಸಾಲಿ’. ಆರನೇ ಇಯತ್ತೆಯಲ್ಲಿ ಹೊಸದಾಗಿ ಬಂದ ಮಾಸ್ತರರೊಬ್ಬರು ‘ಶಾಲೆ’ ಎನ್ನುವ ತನಕ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಹೊಸ್ತಿಲೇ ಹಾಯಗಡ. ‘ಶಾಲಿ’ ಎಂದೆ, ಅದೂ ನಡೆಯಲಿಲ್ಲ. ನಿಮ್ಮ ಕಡೆ ‘ಹಾಲು’ ‘ಆಲು’ ಆದವರ ಕಥೆಯೂ ಇದೇ ತಾನೆ. ‘ಆದರದ ಸ್ವಾಗತ’ ಹೇಳಲು ಹೋಗಿ ‘ಹಾದರದ ಸ್ವಾಗತ’ ಕೋರಿದ ನಿರೂಪಕಿಯ ಜೋಕನ್ನು ನಾವೆಲ್ಲ ಕೇಳಿ ನಕ್ಕಿದ್ದೇವೆ. ಆದರೆ ಅದು ಅಜ್ಞಾನವಲ್ಲ, ಹೆದರಿಕೆ. ‘ಹ’ ಬಿಡುತ್ತೀ ಎಂದು ಬೈಸಿಕೊಂಡು ಬೆಳೆದವಳು ಮೈಕಿನ ಮುಂದೆ ಇಲ್ಲದ ಕಡೆಯೂ ‘ಹ’ ಹಾಕುತ್ತಾಳೆ. ‘ಸ’ಕಾರದವರು ‘ಶಂತೋಷ’ ಎನ್ನುವುದೂ ಹೀಗೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಸ’ ಎನ್ನುವುದು ಹಳ್ಳಿಗರ ಸೋಮಾರಿತನವಲ್ಲ, ಕನ್ನಡದ ಹಳೆಯ ನಾಲಿಗೆ. ಸಂಸ್ಕೃತದ ‘ಶ’ ಕನ್ನಡದ ಬಾಯಿಗೆ ಬಂದಾಗ ‘ಸ’ ಆಗುತ್ತದೆ ಎಂಬುದನ್ನು ಹದಿಮೂರನೇ ಶತಮಾನದ ಕೇಶಿರಾಜನೇ ತನ್ನ ವ್ಯಾಕರಣದಲ್ಲಿ ಸೂತ್ರವಾಗಿ ಕೊಟ್ಟಿದ್ದಾನೆ. ಆಕಾಶ ‘ಆಗಸ’ವಾಯಿತು, ಶ್ರೀ ‘ಸಿರಿ’ಯಾಯಿತು, ಶಂಕೆ ‘ಸಂಕೆ’ಯಾಯಿತು. ಕವಿತೆಯಲ್ಲಿ ಸಿರಿ ಎಂದರೆ ಸೊಗಸು, ಕ್ಲಾಸಿನಲ್ಲಿ ಸಾಲಿ ಎಂದರೆ ಬೆತ್ತ! ಅದೇ ಕೇಶಿರಾಜ ‘ೞ’ ಇರುವ ಪದಗಳ ಪಟ್ಟಿಯನ್ನೂ ಕೊಡುತ್ತಾನೆ. ಮೞೆ, ಬಾೞೆ, ಏೞು ಎಂದು ತಮಿಳರಂತೆ ನಾವೂ ಹೇಳುತ್ತಿದ್ದ ಕಾಲವಿತ್ತು. ಪಟ್ಟಿ ಮಾಡಬೇಕಾಗಿ ಬಂದಿತೆಂದರೇನು? ಆ ಹೊತ್ತಿಗೆ ಜನರ ಬಾಯಲ್ಲಿ ಅದು ‘ಳ’ ಆಗಿಬಿಟ್ಟಿತ್ತು, ಕಾವ್ಯ ಬರೆಯುವವನು ಮಾತ್ರ ಉರು ಹೊಡೆದು ಉಳಿಸಿಕೊಳ್ಳಬೇಕಿತ್ತು. ಕಿವಿಯಿಂದ ಹೋದ ಅಕ್ಷರ ವಿದ್ವಾಂಸರ ಶಿಬೊಲೆತ್ ಆಗಿ ಕೆಲಕಾಲ ಬದುಕಿತು. ಈಗ ಅದೂ ಇಲ್ಲ. ಇನ್ನು ‘ಶ’ ಮತ್ತು ‘ಷ’ ನಡುವೆ ನಾಲಿಗೆಯಲ್ಲಿ ಭೇದ ಇಟ್ಟುಕೊಂಡವರು ಎಷ್ಟು ಮಂದಿ ಹೇಳಿ? ‘ಸ’ಕಾರದವರನ್ನು ತಿದ್ದಿದ ನಮ್ಮ ಮಾಸ್ತರರೂ ‘ಭಾಷೆ’ಯನ್ನು ‘ಭಾಶೆ’ ಎಂದೇ ಹೇಳುತ್ತಿದ್ದರು. ಆ ಹೊಳೆಯಲ್ಲಿ ಅವರೂ ಮುಳುಗುತ್ತಿದ್ದರು, ನಾನೂ, ಬಹುಶಃ ನೀವೂ.

ಕನ್ನಡದಲ್ಲಿ ಏನೆನ್ನಬೇಕು ಎಂದಿರಿ. ‘ನಾಲಿಗೆ ಕುಲ ಹೇಳುತ್ತದೆ’ ಎಂಬ ಮಾತು ನಮ್ಮಲ್ಲಿದೆ. ಯೊರ್ದನ್ ಕಥೆಯ ತಿರುಳು ಈ ಮೂರು ಪದಗಳಲ್ಲಿ ಇದೆ. ಆದರೆ ಒಂದೇ ಪದ ಎಲ್ಲ ಕಡೆಗೂ ಒಗ್ಗುವುದಿಲ್ಲ. ಉಚ್ಚಾರಣೆಯ ಪರೀಕ್ಷೆ ಎಂಬ ಅರ್ಥದಲ್ಲಿ ನಾನು ‘ಗುರುತುನುಡಿ’ ಎಂದು ಬರೆಯುತ್ತೇನೆ. ಸಂಪಾದಕೀಯದ ಅರ್ಥಕ್ಕೆ ‘ಸವಕಲು ಘೋಷಣೆ’ ಅಥವಾ ‘ಸವಕಲು ನಂಬಿಕೆ’ ಸಾಕು, ನಾಣ್ಯ ಸವೆದ ಹಾಗೆ ಸವೆದದ್ದು. ‘ಸಂಕೇತ ಪದ’ವನ್ನು ಮಾತ್ರ ದಯವಿಟ್ಟು ಬಳಸಬೇಡಿ, ಕಾರಣ ಮೇಲೆ ಹೇಳಿದೆ. ಸಾಫ್ಟ್‌ವೇರಿನ ಹೆಸರನ್ನು ಹಾಗೇ ಬಿಡಿ.

ಉಚ್ಚಾರಣೆ: ಇಂಗ್ಲಿಷಿನವರು ಮೊದಲ ‘ಶಿ’ ಮೇಲೆ ಒತ್ತು ಕೊಟ್ಟು, ನಡುವಿನ ‘ಬೊ’ವನ್ನು ಅರ್ಧ ನುಂಗಿ, ಕೊನೆಯಲ್ಲಿ ನಾಲಿಗೆಯನ್ನು ಹಲ್ಲಿನ ನಡುವೆ ತಂದು ಉಸಿರು ಬಿಡುತ್ತಾರೆ. ಈಗಿನ ಹೀಬ್ರೂ ಭಾಷೆಯಲ್ಲಿ ಒತ್ತು ‘ಬೊ’ ಮೇಲೆ, ಕೊನೆಗೆ ಸಾದಾ ‘ತ್’. ಅಲ್ಲಿ ಇದು ತೀರ ಮನೆಮಾತಿನ ಪದ. ಓಟ್ಸ್‌ಗೆ ಇಸ್ರೇಲಿನಲ್ಲಿ ‘ಶಿಬೊಲೆತ್ ಶುಆಲ್’ ಎನ್ನುತ್ತಾರೆ, ಅಂದರೆ ನರಿಯ ತೆನೆ. (ನಮ್ಮ ನವಣೆಯನ್ನು ಇಂಗ್ಲಿಷಿನವರು ನರಿಬಾಲದ ಧಾನ್ಯ ಎನ್ನುತ್ತಾರಲ್ಲ, ನರಿಗೂ ತೆನೆಗೂ ಅದೇನು ನಂಟೋ.) ಹಾಗಾಗಿ ಮಗಳು ಅಲ್ಲಿ ಸ್ಕಾಟ್ಲೆಂಡಿನವರಂತೆ ಹೇಳಲಿ. ನೀವು ಶಿವಮೊಗ್ಗದಲ್ಲಿ ಕೂತು ‘ಶಿಬೊಲೆತ್’ ಎಂದು ಕನ್ನಡದ ‘ತ್’ ಹಾಕಿ ಹೇಳಿದರೆ ಅದು ಇಂಗ್ಲಿಷಿಗಿಂತ ಹೀಬ್ರೂ ನುಡಿಗೇ ಹತ್ತಿರ. ಪಕ್ಕದ ಮನೆಯವರು ‘ಸಿವಮೊಗ್ಗ’ ಎನ್ನುವವರಾಗಿದ್ದು ‘ಸಿಬೊಲೆತ್’ ಎಂದರೂ ತಿದ್ದಲು ಹೋಗಬೇಡಿ, ಆ ರೂಪವೂ ಅದೇ ವಾಕ್ಯದಲ್ಲಿ, ಅದೇ ಮೂಲ ಗ್ರಂಥದಲ್ಲಿದೆ.